ವಾಲ್ಯೂಮ್ ನಾಬ್ ಕರಕರ ಅಂದರೆ ಮೊದಲು ಸ್ಪ್ರೇ ಹಿಡಿಯಬೇಡಿ: ಒಳ್ಳೆಯ ಆಂಪ್ ಇರುವವರಿಗೆ ಹಂತ ಹಂತದ ಮಾರ್ಗದರ್ಶಿ

ನನ್ನ ಮೊದಲ ಒಳ್ಳೆಯ ಆಂಪ್ಲಿಫೈಯರ್ ಕೊಂಡ ಕೆಲವು ವರ್ಷಕ್ಕೆ ಅದರ ವಾಲ್ಯೂಮ್ ನಾಬ್ ಕರಕರ ಅನ್ನತೊಡಗಿತು. ಮುಚ್ಚಳ ಬಿಚ್ಚಿದೆ. ಗೇಟಿನ ತಿರುಗಣಿಗೆ ಹೊಡೆಯಲು ಮನೆಯಲ್ಲಿಟ್ಟಿದ್ದ ತುಕ್ಕು ಬಿಡಿಸುವ ಸ್ಪ್ರೇಯನ್ನೇ ಸಂದಿಗೆ ಹೊಡೆದೆ. ಸದ್ದು ಮಾಯ! ಒಂದು ವಾರ ಸಿಕ್ಕಸಿಕ್ಕವರ ಹತ್ತಿರ ಕೊಚ್ಚಿಕೊಂಡೆ. ಎರಡು ತಿಂಗಳಲ್ಲಿ ಆ ಎಣ್ಣೆಗೆ ಧೂಳು ಮೆತ್ತಿ ಎಡಗಡೆ ಸ್ಪೀಕರ್ ಬಾಯಿ ಮುಚ್ಚಿತು. ಸರಿ, ಕಂಟ್ರೋಲನ್ನೇ ಬದಲಿಸಿದೆ. ಎಡಗಡೆ ಸ್ಪೀಕರ್ ಮತ್ತೆ ಹಾಡಿತು, ಆದರೆ ಕರಕರವೂ ವಾಪಸ್ ಬಂತು! ಮೊದಲಿನಿಂದಲೂ ತಪ್ಪು ಅದರದ್ದಾಗಿರಲೇ ಇಲ್ಲ. ಅದರ ಮುಂಚೆ ಕೂತಿದ್ದ ಒಂದು ಹಳೆಯ ಕೆಪಾಸಿಟರ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್; ಹಾಡಿನ ಸಿಗ್ನಲ್ ಬಿಟ್ಟು ಇದನ್ನು ತಡೆಯುವುದೇ ಅದರ ಕೆಲಸ) ಸೋರಿಸುತ್ತಿತ್ತು.

ಆ ಪೆಟ್ಟು ತಿಂದ ಮೇಲೆ ನಾನು ಕೆಲಸದ ಕ್ರಮ ಬದಲಿಸಿಕೊಂಡೆ. ಮೊದಲು ಕಿವಿ, ಆಮೇಲೆ ಮೀಟರ್, ಆಮೇಲೆ ಸ್ವಚ್ಛ ಮಾಡುವುದು, ಕೊನೆಗೆ ಬೆಸುಗೆ. ಇಲ್ಲಿ ಬರೆದಿರುವುದೂ ಅದೇ ಕ್ರಮದಲ್ಲಿ. ಕೈಯಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಟಾರ್ಚ್, ತಾಳ್ಮೆ ಇದ್ದರೆ ಮುಕ್ಕಾಲು ಪಾಲು ಕೆಲಸ ಮನೆಯಲ್ಲೇ ಆಗುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಹತ್ತು ನಿಮಿಷ ಕಾಯಿರಿ, ಅವುಗಳ ಮೇಲೆ ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ವಾಲ್ವ್ ಆಂಪ್ ಆದರೆ, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವುದಾದರೆ, ಒಳಗೆ 300 ರಿಂದ 450 ವೋಲ್ಟ್ ಓಡಾಡುತ್ತಿರುತ್ತದೆ. ಅಭ್ಯಾಸ ಇಲ್ಲದಿದ್ದರೆ ಅದನ್ನು ತಿಳಿದವರಿಗೇ ಬಿಡಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ.

ಹಂತ 1: ನಾಬ್ ಹಿಂದೆ ಏನು ಕೂತಿದೆ?

ಮುಚ್ಚಳ ತೆಗೆಯುವ ಮೊದಲೇ ಬೆರಳಿಗೆ ಅರ್ಧ ಗೊತ್ತಾಗುತ್ತದೆ.

ನಯವಾಗಿ ತಿರುಗಿ ಎರಡೂ ತುದಿಯಲ್ಲಿ ನಿಂತರೆ ಅದು ಪಾಟ್, ಅಂದರೆ ಪೊಟೆನ್ಷಿಯೋಮೀಟರ್. ಒಳಗೆ ಇಂಗಾಲದ ಅಥವಾ ಕರೆಂಟ್ ಹರಿಯುವ ಪ್ಲಾಸ್ಟಿಕ್‌ನ ಒಂದು ಪಟ್ಟಿ. ಅದರ ಮೇಲೆ ಜಾರುವ ಸ್ಪ್ರಿಂಗ್ ಬೆರಳುಗಳು. ಈ ಬೆರಳಿಗೆ ವೈಪರ್ ಅನ್ನುತ್ತಾರೆ. ಜಪಾನಿನ ಆಲ್ಪ್ಸ್ ಕಂಪನಿಯ ಆರ್‌ಕೆ27 ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ನೀಲಿ ಬಣ್ಣದ 27 ಮಿಲಿಮೀಟರ್ ಚೌಕದ ಪೆಟ್ಟಿಗೆ, ಅದಕ್ಕೇ ‘ಬ್ಲೂ ವೆಲ್ವೆಟ್’ ಅನ್ನುವ ಅಡ್ಡಹೆಸರು.

ಟಕ್ ಟಕ್ ಎಂದು ಗಟ್ಟಿಯಾಗಿ ಹೆಜ್ಜೆ ಹಾಕಿ 23, 24 ಅಥವಾ 47ನೇ ಹೆಜ್ಜೆಗೆ ನಿಂತರೆ ಅದು ಸ್ಟೆಪ್ಡ್ ಅಟೆನ್ಯುಯೇಟರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ಸಿಗ್ನಲ್ ಇಳಿಸುವ ಸಾಧನ. ಇದು ಪಾಟ್ ಅಲ್ಲ, ನಿಜವಾದ ರೋಟರಿ ಸ್ವಿಚ್. ಪ್ರತಿ ಹೆಜ್ಜೆಗೂ ಬೇರೆ ಬೇರೆ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಬೆಸೆದಿರುತ್ತಾರೆ. ಸ್ವಿಟ್ಜರ್ಲೆಂಡಿನ ಎಲ್ಮಾ, ಜಪಾನಿನ ಸೈಡೆನ್ ಸ್ವಿಚ್‌ಗಳು, ಡೆನ್ಮಾರ್ಕಿನ ಡ್ಯಾಕ್ಟ್, ಅಮೆರಿಕದ ಗೋಲ್ಡ್‌ಪಾಯಿಂಟ್ ಜೋಡಿಸಿ ಕೊಡುವ ಅಟೆನ್ಯುಯೇಟರ್‌ಗಳು ಹೈ-ಎಂಡ್ ವಲಯದಲ್ಲಿ ಪರಿಚಿತ. ಹುಷಾರ್, ಎಷ್ಟೋ ಜಪಾನೀ ಆಂಪ್‌ಗಳಲ್ಲಿ ಸಾದಾ ಪಾಟ್‌ಗೇ ಟಿಕ್ ಟಿಕ್ ಅನ್ನುವ ಹಲ್ಲು ಕೊಟ್ಟಿರುತ್ತಾರೆ. ಅದು ಬೆರಳಿಗೆ ಖುಷಿ ಕೊಡಲಿಕ್ಕೆ ಮಾತ್ರ. ಹೆಜ್ಜೆಗಳು ತೀರಾ ಹಗುರ ಅನ್ನಿಸಿದರೆ ಅನುಮಾನ ಪಡಿ.

ಕೊನೆಯೇ ಇಲ್ಲದೆ ಸುತ್ತುತ್ತಾ ಇದ್ದರೆ ಅದು ಎನ್‌ಕೋಡರ್. ಅದರೊಳಗೆ ಹಾಡಿನ ಸಿಗ್ನಲ್ ಬರುವುದೇ ಇಲ್ಲ. ‘ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ’ ಎಂದು ಒಳಗಿನ ಚಿಪ್‌ಗೆ ಹೇಳುವುದಷ್ಟೇ ಅದರ ಕೆಲಸ. ತಿರುಗಿಸಿದಾಗ ಡಬ್ಬದೊಳಗಿಂದ ಚಿಟಿಪಿಟಿ ಸದ್ದು ಕೇಳಿದರೆ ಅಲ್ಲಿ ರಿಲೇಗಳು (ಕರೆಂಟಿನಿಂದ ನಡೆಯುವ ಸಣ್ಣ ಸ್ವಿಚ್‌ಗಳು) ರೆಸಿಸ್ಟರ್‌ಗಳನ್ನು ಬದಲಿಸುತ್ತಿವೆ ಎಂದರ್ಥ. ಆರು ರಿಲೇ ಇದ್ದರೆ 64 ಹೆಜ್ಜೆ ಸಿಗುತ್ತದೆ.

ನಾಬ್ ನೋಡಿ ಮೋಸ ಹೋಗುವುದೂ ಇದೆ. ಜಪಾನಿನ ಅಕ್ಯುಫೇಸ್ ಕಂಪನಿ 2002ರಲ್ಲಿ ಸಿ-2800 (ಪವರ್ ಆಂಪ್‌ಗೆ ಮೊದಲು ಕೂತು ವಾಲ್ಯೂಮ್ ನೋಡಿಕೊಳ್ಳುವ) ಪ್ರಿ-ಆಂಪ್‌ನೊಂದಿಗೆ ತಂದ ‘ಆವಾ’ ವಿಧಾನದಲ್ಲಿ ಹಾಡಿನ ದಾರಿಯಲ್ಲಿ ತಿರುಗುವ ರೆಸಿಸ್ಟರೇ ಇಲ್ಲ. ನಾಬ್ ಎಲ್ಲಿ ನಿಂತಿದೆ ಎಂದು ನೋಡಿ ಎಲೆಕ್ಟ್ರಾನಿಕ್ ಸ್ವಿಚ್‌ಗಳು ವಾಲ್ಯೂಮ್ ಕೂಡಿಸಿ ಕಳೆಯುತ್ತವೆ. ಅಂಥ ಯಂತ್ರಕ್ಕೆ ಈ ಲೇಖನದ ಸ್ಪ್ರೇ ಹಂತ ತರಬೇಡಿ.

ಹಂತ 2: ಯಾಕೆ ಹಾಳಾಗುತ್ತದೆ ಅನ್ನುವುದು ಗೊತ್ತಿರಲಿ

‘ತಿರುಗಿಸಿ ತಿರುಗಿಸಿ ಸವೆದಿದೆ’ ಅನ್ನುವುದು ಎಲ್ಲರ ಮೊದಲ ಊಹೆ. ನಾನಿದನ್ನು ಅಷ್ಟಾಗಿ ನಂಬುವುದಿಲ್ಲ. ಈ ದರ್ಜೆಯ ಪಾಟ್‌ಗಳ ಡೇಟಾಶೀಟಿನಲ್ಲಿ 15,000 ಸುತ್ತಿನ ಆಯಸ್ಸು ಬರೆದಿರುವುದು ಸಾಮಾನ್ಯ. ದಿನಕ್ಕೆ ಮೂರು ಸಲ ತುದಿಯಿಂದ ತುದಿಗೆ ತಿರುಗಿಸಿದರೂ ಹದಿಮೂರು ವರ್ಷ ದಾಟುತ್ತದೆ. ತುದಿಯಿಂದ ತುದಿಗೆ ಯಾರು ತಿರುಗಿಸುತ್ತಾರೆ ಹೇಳಿ? ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳಿದರೆ ಎಲ್ಲರ ನಾಬಿನದ್ದೂ ಒಂಬತ್ತು ಗಂಟೆಯಿಂದ ಹನ್ನೊಂದು ಗಂಟೆಯವರೆಗಿನ ಓಡಾಟ.

ಸ್ವಿಚ್‌ಗಳ ವಿಷಯದಲ್ಲಂತೂ ಬಳಸದೇ ಇರುವುದೇ ದೊಡ್ಡ ಶತ್ರು. ಕರಾವಳಿಯ ಪರಿಚಿತರೊಬ್ಬರ ಪ್ರಿ-ಆಂಪ್ ಒಮ್ಮೆ ನನ್ನ ಮೇಜಿಗೆ ಬಂದಿತ್ತು. 24 ಹೆಜ್ಜೆಯ ಸ್ವಿಚ್, ಬೆಳ್ಳಿಯ ಕಾಂಟ್ಯಾಕ್ಟ್ (ವೈಪರ್ ತಾಗುವ ಲೋಹದ ಜಾಗ). ‘ಜೋರು ಮಾಡಿದರೆ ಒಂದು ಕಡೆ ಸದ್ದು ಹೋಗ್ತದೆ ಮಾರಾಯ್ರೆ’ ಎಂಬುದು ದೂರು. ಟಾರ್ಚ್ ಬಿಟ್ಟು, ಭೂತಗನ್ನಡಿ ಹಿಡಿದು ನೋಡಿದೆ. 8, 9, 10ನೇ ಹೆಜ್ಜೆಗಳು ಹೊಸ ಗೆಜ್ಜೆಯ ಹಾಗೆ ಹೊಳೆಯುತ್ತಿದ್ದವು. 14ರಿಂದ ಆಚೆ ಕಪ್ಪು. ಅವರು ವರ್ಷಗಟ್ಟಲೆ ಆ ಮೂರು ಹೆಜ್ಜೆಗಳಲ್ಲೇ ಹಾಡು ಕೇಳಿದ್ದರು. ಓಡಾಡಿದ ಜಾಗ ಉಜ್ಜಿ ಉಜ್ಜಿ ಸ್ವಚ್ಛವಾಗಿತ್ತು, ಮುಟ್ಟದ ಜಾಗ ಕಪ್ಪಾಗಿತ್ತು. ಹಬ್ಬಕ್ಕೆ ನೆಂಟರು ಬಂದ ದಿನ ನಾಬ್ 15ಕ್ಕೆ ಹೋಯಿತು, ಬಲಗಡೆ ಸ್ಪೀಕರ್ ಕೈಕೊಟ್ಟಿತು.

ಆ ಕಪ್ಪು, ದೇವರ ಮನೆಯ ಬೆಳ್ಳಿ ದೀಪದ ಮೇಲೆ ಕೂರುವ ಕಪ್ಪೇ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಮನೆಯ ಮೇನ್ ಸ್ವಿಚ್‌ನಲ್ಲಾದರೆ ಇದು ಲೆಕ್ಕಕ್ಕಿಲ್ಲ. ಅಲ್ಲಿ 230 ವೋಲ್ಟ್ ಆ ತೆಳುಪದರವನ್ನು ಸುಟ್ಟುಕೊಂಡು ದಾಟುತ್ತದೆ. ಪ್ರಿ-ಆಂಪ್‌ನಲ್ಲಿ ಹರಿಯುವುದು ಕೆಲವೇ ಮೈಕ್ರೋಆಂಪ್. ಸಣ್ಣ ಸಿಗ್ನಲ್‌ಗೆ ಪದರ ಒಡೆಯುವ ಶಕ್ತಿ ಇರುವುದಿಲ್ಲ. ಅದಕ್ಕೇ ಆಡಿಯೋ ಸ್ವಿಚ್‌ಗೆ ಚಿನ್ನದ ಲೇಪ ಕೊಡುವುದು. ಚಿನ್ನಕ್ಕಿಂತ ಬೆಳ್ಳಿಯಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ ನಿಜ, ಆದರೆ ಚಿನ್ನ ಕಪ್ಪಾಗುವುದಿಲ್ಲ. ‘ಬೆಳ್ಳಿಯ ನಾದವೇ ಬೇರೆ’ ಎಂದು ವಾದಿಸುವವರಿದ್ದಾರೆ. ಇರಲಿ. ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಮಳೆಗಾಲ ಕಳೆಯಬೇಕಾದ ಯಂತ್ರಕ್ಕೆ ನಾನಂತೂ ಚಿನ್ನವನ್ನೇ ಆರಿಸುತ್ತೇನೆ.

ಹಂತ 3: ಕಿವಿಯಿಂದ ಪತ್ತೆ

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮುಂಚೆ ಐದು ನಿಮಿಷ ಸುಮ್ನೆ ಕೂತು ಕೇಳಿ. ಏನಾಗುತ್ತಿದೆ, ಎಲ್ಲಿ ಆಗುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ.

ನಾಬ್‌ನ ಪೂರ್ತಿ ಓಡಾಟದಲ್ಲೂ, ಎರಡೂ ಕಡೆ ಸಮನಾಗಿ ಕರಕರ ಅಂದರೆ ಡಿಸಿ ಸೋರಿಕೆಯ ಅನುಮಾನ ಜಾಸ್ತಿ. ಒಂದೇ ಜಾಗದಲ್ಲಿ, ಒಂದೇ ಕಡೆ ಕರ್ ಅಂದರೆ ಕೊಳೆ ಅಥವಾ ಸವೆತ. ತೀರಾ ಕಡಿಮೆ ವಾಲ್ಯೂಮ್‌ನಲ್ಲಿ ಹಾಡುಗಾರರು ಎಡಕ್ಕೋ ಬಲಕ್ಕೋ ವಾಲಿ, ನಾಬ್ ಮೇಲೇರಿಸಿದಾಗ ನಡುವಿಗೆ ಬಂದು ನಿಂತರೆ ಅದು ಕೆಟ್ಟಿರುವುದಲ್ಲ. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಇರುವ ಜೋಡಿ ಪಾಟ್‌ನ ಹುಟ್ಟುಗುಣ ಅದು, ಮುಂದೆ ಹೇಳುತ್ತೇನೆ. ಎನ್‌ಕೋಡರ್‌ನಲ್ಲಿ ಕರಕರ ಇರುವುದಿಲ್ಲ. ಅಲ್ಲಿ ಮೇಲೆ ತಿರುಗಿಸಿದರೆ ವಾಲ್ಯೂಮ್ ಕೆಳಗೆ ಹೋಗುತ್ತದೆ, ಅಥವಾ ನಿಂತಲ್ಲೇ ನಿಂತು ಆಮೇಲೆ ಒಮ್ಮೆಗೇ ಹಾರುತ್ತದೆ.

ಸ್ಟೆಪ್ಡ್ ಅಟೆನ್ಯುಯೇಟರ್‌ನ ರೋಗಗಳು ಸ್ವಲ್ಪ ಬೇರೆ, ಅಪಾಯವೂ ಜಾಸ್ತಿ. ಈ ಅಟೆನ್ಯುಯೇಟರ್ ಮೂರು ರೀತಿಯಲ್ಲಿ ಬರುತ್ತದೆ. ಇದನ್ನು ತಿಳಿದುಕೊಂಡರೆ ರೋಗ ತಾನೇ ಬಾಯಿಬಿಡುತ್ತದೆ.

ಮೊದಲನೆಯದು ಸೀರೀಸ್. ಇನ್‌ಪುಟ್‌ನಿಂದ ಗ್ರೌಂಡಿನವರೆಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಜಾಗ) ರೆಸಿಸ್ಟರ್‌ಗಳ ಒಂದು ಸರಪಳಿ. ವೈಪರ್ ಅದರಲ್ಲಿ ಒಂದು ಕೊಂಡಿ ಹಿಡಿಯುತ್ತದೆ. ಈ ಸರಪಳಿಯ ನಡುವೆ ಒಂದು ಬೆಸುಗೆ ಬಿಟ್ಟುಕೊಂಡಿತು ಅಂದುಕೊಳ್ಳಿ. ಅದರ ಕೆಳಗಿನ ಎಲ್ಲಾ ಹೆಜ್ಜೆಗಳೂ ನಿಶ್ಶಬ್ದ. ಮೇಲಿನ ಹೆಜ್ಜೆಗಳಿಗೆ ಗ್ರೌಂಡಿನ ದಾರಿಯೇ ಇಲ್ಲ, ಹಾಗಾಗಿ ಪೂರ್ತಿ ಸಿಗ್ನಲ್! ಸದ್ದಿಲ್ಲ ಅಂತ ನಾಬ್ ಏರಿಸುತ್ತಾ ಹೋಗುತ್ತೀರಿ, ಒಂದು ಹೆಜ್ಜೆಗೆ ಸ್ಪೀಕರ್ ಹರಿದುಹೋಗುವಷ್ಟು ಜೋರು. ‘ಕೆಳಗೆ ಸದ್ದೇ ಇಲ್ಲ’ ಎಂದಾದರೆ ತಕ್ಷಣ ಆಫ್ ಮಾಡಿ. ಕುತೂಹಲಕ್ಕೂ ಮೇಲೆ ತಿರುಗಿಸಬೇಡಿ.

ಎರಡನೆಯದು ಲ್ಯಾಡರ್. ಪ್ರತಿ ಹೆಜ್ಜೆಗೂ ತನ್ನದೇ ಎರಡು ರೆಸಿಸ್ಟರ್. ಇಲ್ಲಿ ಕೆಟ್ಟರೆ ಒಂದು ಹೆಜ್ಜೆ ಮಾತ್ರ ಕೆಡುತ್ತದೆ, ಅಕ್ಕಪಕ್ಕದವು ಸರಿ ಇರುತ್ತವೆ. ಮೂರನೆಯದು ಶಂಟ್. ದಾರಿಯಲ್ಲಿ ಒಂದೇ ರೆಸಿಸ್ಟರ್, ಸ್ವಿಚ್ ಇರುವುದು ಗ್ರೌಂಡಿನ ಕಡೆ. ‘ಸಿಗ್ನಲ್ ಸ್ವಿಚ್ ದಾಟುವುದೇ ಇಲ್ಲ’ ಎಂದು ಇದನ್ನು ಮೆಚ್ಚುವವರು ತುಂಬಾ. ಆದರೆ ಸ್ವಿಚ್ ಕಾಂಟ್ಯಾಕ್ಟ್ ಬಿಟ್ಟುಕೊಂಡರೆ ವಾಲ್ಯೂಮ್ ನೇರ ತುದಿಗೆ ಹೋಗುತ್ತದೆ. ನಂಬಿಕೆಯ ದೃಷ್ಟಿಯಿಂದ ನನಗೆ ಶಂಟ್ ಇಷ್ಟವಿಲ್ಲ. ಕೆಟ್ಟರೆ ಸದ್ದು ನಿಲ್ಲಬೇಕೇ ಹೊರತು ಜಾಸ್ತಿ ಆಗಬಾರದು.

ಹಂತ 4: ಮೀಟರ್ ಹಿಡಿಯಿರಿ

ಮೊದಲ ಪರೀಕ್ಷೆ ಡಿಸಿಯದ್ದು. ಇದೊಂದನ್ನು ಮಾಡಿದ್ದರೆ ನನ್ನ ಮೊದಲ ಆಂಪ್‌ನ ಪಾಟ್ ಉಳಿಯುತ್ತಿತ್ತು.

ಸ್ಪೀಕರ್ ವೈರ್ ಬಿಚ್ಚಿ. (ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಮಾತ್ರ. ವಾಲ್ವ್ ಪವರ್ ಆಂಪನ್ನು ಸ್ಪೀಕರ್ ಇಲ್ಲದೆ ಓಡಿಸಬಾರದು.) ಸಿಡಿ ಪ್ಲೇಯರ್ ಅಥವಾ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಯಂತ್ರ) ಜೋಡಿಸಿ ಆನ್ ಮಾಡಿ, ಹಾಡು ಹಾಕಬೇಡಿ. ಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ಇಡಿ. ಪಾಟ್‌ನ ಪಟ್ಟಿಯ ಎರಡು ತುದಿಗಳು ಇನ್‌ಪುಟ್ ಕಾಲು ಮತ್ತು ಗ್ರೌಂಡ್ ಕಾಲು, ಇನ್ನೊಂದು ವೈಪರ್ ಕಾಲು. ಕಪ್ಪು ಕಡ್ಡಿ ಪಾಟ್‌ನ ಗ್ರೌಂಡ್ ಕಾಲಿಗೆ, ಕೆಂಪು ಕಡ್ಡಿ ಇನ್‌ಪುಟ್ ಕಾಲಿಗೆ. ಒಂದೆರಡು ಮಿಲಿವೋಲ್ಟ್ ಬಂದರೆ ಚಿಂತೆ ಬೇಡ. ಹತ್ತು ಮಿಲಿವೋಲ್ಟ್ ದಾಟಿದರೆ ಕರಕರಕ್ಕೆ ಕಾರಣ ಸಿಕ್ಕಿತು ಎಂದೇ ನಾನು ಲೆಕ್ಕ ಹಾಕುತ್ತೇನೆ. ಈಗ ಸಿಡಿ ಪ್ಲೇಯರ್‌ನ ಕೇಬಲ್ ಕಿತ್ತು ಮತ್ತೆ ನೋಡಿ. ಡಿಸಿ ಹೋಯಿತಾ? ಹಾಗಾದರೆ ಸೋರುತ್ತಿರುವುದು ಪ್ಲೇಯರ್, ಆಂಪ್ ಅಲ್ಲ. ಹೋಗಲಿಲ್ಲವಾ? ಪಾಟ್‌ಗೆ ಮೊದಲಿರುವ ಕಪ್ಲಿಂಗ್ ಕೆಪಾಸಿಟರ್ ಬದಲಿಸಿ.

ಇನ್‌ಪುಟ್ ಕಾಲಲ್ಲಿ ಡಿಸಿ ಇಲ್ಲ, ವೈಪರ್ ಕಾಲಲ್ಲಿ ಮಾತ್ರ ಇದೆ, ತಿರುಗಿಸಿದಂತೆ ಅದು ಬದಲಾಗುತ್ತದೆ ಎಂದಾದರೆ ಕಥೆ ಇನ್ನೊಂದು. ಮುಂದಿರುವ, ಸಿಗ್ನಲ್ ದೊಡ್ಡದು ಮಾಡುವ ಚಿಪ್ ಆದ ಆಪ್‌ಆಂಪ್ ತನಗೆ ಬೇಕಾದ ಚೂರು ಕರೆಂಟನ್ನು ವೈಪರ್ ಮೂಲಕವೇ ಎಳೆಯುತ್ತಿರುತ್ತದೆ. ಎನ್‌ಇ5532 ಅನ್ನೇ ತೆಗೆದುಕೊಳ್ಳಿ. ಅದು ಸುಮಾರು 200 ನ್ಯಾನೋಆಂಪ್ ಎಳೆಯುತ್ತದೆ. 10 ಕಿಲೋಓಮ್ ದಾರಿಯಲ್ಲಿ ಅದು 2 ಮಿಲಿವೋಲ್ಟ್. 50 ಕಿಲೋಓಮ್‌ನ ಪಾಟ್‌ನ ಕೆಲವು ಜಾಗದಲ್ಲಿ ಇನ್ನೂ ಜಾಸ್ತಿ ಆಗಬಹುದು. ಹೊಸ ಪಾಟ್ ಹಾಕಿದರೂ ಸಣ್ಣಗೆ ಕರಕರ ಇದ್ದೇ ಇರುತ್ತದೆ. ಇದು ವಿನ್ಯಾಸದ ತಪ್ಪು. ವೈಪರ್ ಮತ್ತು ಆಪ್‌ಆಂಪ್ ನಡುವೆ ಒಂದು ಕೆಪಾಸಿಟರ್ ಹಾಕಿ, ಆಪ್‌ಆಂಪ್‌ನ ಇನ್‌ಪುಟ್‌ನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಕೊಟ್ಟರೆ ಹೋಗುತ್ತದೆ.

ಎರಡನೇ ಪರೀಕ್ಷೆ ಎಡ-ಬಲ ಸಮತೋಲ. ಫೋನಿನ ಟೋನ್ ಆ್ಯಪ್‌ನಿಂದ 220 ಹರ್ಟ್ಸ್‌ನ ಸದ್ದು ಕೊಡಿ. ಎಲ್ಲರೂ ಹೇಳುವ 1,000 ಹರ್ಟ್ಸ್ ಯಾಕಲ್ಲ ಅಂದರೆ, ಅಗ್ಗದ ಮೀಟರ್‌ಗಳ ಎಸಿ ಅಳತೆ 400 ಹರ್ಟ್ಸ್ ದಾಟಿದರೆ ಸುಳ್ಳು ಹೇಳತೊಡಗುತ್ತದೆ. ಪ್ರಿ-ಆಂಪ್‌ನ ಔಟ್‌ಪುಟ್‌ನಲ್ಲಿ ಎಡ, ಬಲ ಎರಡೂ ಕಡೆ ಎಸಿ ವೋಲ್ಟೇಜ್ ಓದಿ. ನಾಬನ್ನು ಗಡಿಯಾರದ ಎಂಟು, ಒಂಬತ್ತು, ಹತ್ತು, ಹನ್ನೆರಡು ಗಂಟೆಯ ಜಾಗಗಳಲ್ಲಿ ಇಟ್ಟು ಬರೆದುಕೊಳ್ಳಿ. ಎರಡರ ನಡುವೆ 12 ಶೇಕಡ ವ್ಯತ್ಯಾಸ ಇದ್ದರೆ ಅದು 1 ಡಿಬಿ (ಡೆಸಿಬೆಲ್, ಸದ್ದಿನ ಏರಿಳಿತದ ಅಳತೆ). 26 ಶೇಕಡ ಅಂದರೆ 2 ಡಿಬಿ, 41 ಅಂದರೆ 3 ಡಿಬಿ.

ಒಳ್ಳೆಯ ಜೋಡಿ ಪಾಟ್ ಕೂಡ ಕೆಳತುದಿಯಲ್ಲಿ ಒಂದೆರಡು ಡಿಬಿ ತಪ್ಪುತ್ತದೆ. ಎರಡು ಪಟ್ಟಿಗಳನ್ನು ಅಷ್ಟು ಸಮನಾಗಿ ಬಳಿಯುವುದು ಕಷ್ಟ. 60 ಡಿಬಿ ಕೆಳಗೆ ಅಂದರೆ ಸಿಗ್ನಲ್ ಸಾವಿರದಲ್ಲಿ ಒಂದು ಪಾಲಾಗಿರುತ್ತದೆ. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಇದಕ್ಕೆ ಪಾಟ್ ಬದಲಿಸಬೇಡಿ. ನಾಬ್ ಮೇಲಿನ ಜಾಗದಲ್ಲಿ ಓಡಾಡುವ ಹಾಗೆ ಮಾಡಿ. ಸಿಡಿ ಪ್ಲೇಯರ್, ಡ್ಯಾಕ್‌ಗಳು 2 ವೋಲ್ಟ್ ಕೊಡುತ್ತವೆ. ಎಷ್ಟೋ ಆಂಪ್‌ಗಳಿಗೆ ಅರ್ಧ ವೋಲ್ಟ್ ಸಾಕು. ನಡುವೆ 10 ಡಿಬಿ ಕಡಿಮೆ ಮಾಡುವ ಒಂದು ಸಣ್ಣ ಅಟೆನ್ಯುಯೇಟರ್ ಸಿಕ್ಕಿಸಿದರೆ, ಎಂಟು ಗಂಟೆಗೆ ಕೇಳುತ್ತಿದ್ದವರು ಹತ್ತು-ಹನ್ನೊಂದಕ್ಕೆ ಬರುತ್ತಾರೆ. ಸಮತೋಲ ತಾನೇ ಸರಿಹೋಗುತ್ತದೆ. ಇಷ್ಟು ಅಗ್ಗದ ಪರಿಹಾರ ಇದ್ದೂ ಜನ ಸಾವಿರಗಟ್ಟಲೆ ಕೊಟ್ಟು ಪಾಟ್ ಬದಲಿಸುವುದನ್ನು ನೋಡಿದ್ದೇನೆ.

ಹಂತ 5: ಸ್ವಚ್ಛ ಮಾಡುವುದು

ಈಗ ಸ್ಪ್ರೇಗೆ ಸಮಯ ಬಂತು. ಆದರೆ ಸರಿಯಾದದ್ದು.

ಸಾಮಾನ್ಯ ಡಬ್ಲ್ಯೂಡಿ-40 ಬೇಡ. ಅದು ನೀರು, ತುಕ್ಕು ಬಿಡಿಸಲಿಕ್ಕೆ ಇರುವುದು, ಒಳಗೆ ಎಣ್ಣೆ ಪದರ ಬಿಟ್ಟು ಹೋಗುತ್ತದೆ. ಅದೇ ಕಂಪನಿಯ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಡಬ್ಬಿ, ಅದನ್ನು ಬಳಸಬಹುದು. ಡಿಆಕ್ಸಿಟ್ ಅನ್ನುವ ಕಾಂಟ್ಯಾಕ್ಟ್ ಕ್ಲೀನರ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲೂ ಎರಡು ಬಗೆ. ಲೋಹದ ಕಾಂಟ್ಯಾಕ್ಟ್‌ಗೆ ಡಿ ಸರಣಿ, ಇಂಗಾಲದ ಪಟ್ಟಿಗೆ ಎಫ್ ಸರಣಿಯ ಫೇಡರ್‌ಲೂಬ್. ಏನೂ ಸಿಗದಿದ್ದರೆ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಔಷಧ ಅಂಗಡಿಯ 70 ಶೇಕಡದ್ದರಲ್ಲಿ ನೀರು ಜಾಸ್ತಿ, ಅದು ಬೇಡ.

ಪಾಟ್‌ಗೆ: ಪ್ಲಗ್ ಕಿತ್ತಿರಬೇಕು. ಕಾಲುಗಳು ಹೊರಬರುವ ಕಡೆ ಸಣ್ಣ ಸಂದಿ ಇರುತ್ತದೆ. ಅಲ್ಲಿಗೆ ಕೊಳವೆ ಇಟ್ಟು ಒಂದೇ ಒಂದು ಸಣ್ಣ ಚಿಮುಕು. ತುದಿಯಿಂದ ತುದಿಗೆ ಮೂವತ್ತು ನಲವತ್ತು ಸಲ ತಿರುಗಿಸಿ. ಕೆಲವು ಗಂಟೆ ಒಣಗಲು ಬಿಡಿ. ನಾಬ್‌ನ ಕಡ್ಡಿ ಹೊರಬರುವ ಕೊರಳಿಗೆ ಮಾತ್ರ ಹೊಡೆಯಬೇಡಿ. ಆಲ್ಪ್ಸ್ ಪಾಟ್ ತಿರುಗಿಸುವಾಗ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಅನ್ನಿಸುವುದು ಆ ಕೊರಳೊಳಗಿನ ದಪ್ಪ ಗ್ರೀಸ್‌ನಿಂದ. ಕ್ಲೀನರ್ ತಾಗಿದರೆ ಗ್ರೀಸ್ ತೊಳೆದುಹೋಗಿ ನಾಬ್ ಲೊಡಲೊಡ ಅನ್ನುತ್ತದೆ. ನಾನು ಒಂದು ನೀಲಿ ಪಾಟ್‌ಗೆ ಹೀಗೆ ಮಾಡಿ ಇವತ್ತಿಗೂ ಆ ನಾಬ್ ಮುಟ್ಟಿದಾಗ ಹಲ್ಲು ಕಡಿಯುತ್ತೇನೆ.

ಮೋಟಾರ್ ಇರುವ ಪಾಟ್ ಆದರೆ, ಅಂದರೆ ರಿಮೋಟ್ ಒತ್ತಿದಾಗ ನಾಬ್ ತಾನೇ ತಿರುಗುವಂಥದ್ದಾದರೆ, ಹಿಂದಿನ ಗೇರಿನ ಪೆಟ್ಟಿಗೆಗೆ ಹನಿಯೂ ಹೋಗಬಾರದು. ಅಲ್ಲಿ ಜಾರುವ ಕ್ಲಚ್ ಇದೆ. ಅದಕ್ಕೆ ಎಣ್ಣೆ ತಾಗಿದರೆ ರಿಮೋಟ್ ಕೆಲಸ ನಿಲ್ಲುತ್ತದೆ.

ಸ್ಟೆಪ್ಡ್ ಸ್ವಿಚ್‌ಗೆ: ಸ್ಪ್ರೇ ನೇರವಾಗಿ ಹೊಡೆಯದಿರುವುದೇ ಒಳ್ಳೆಯದು. ಟಕ್ ಅನ್ನುವ ಹೆಜ್ಜೆ ಕೊಡುವುದು ಸ್ಪ್ರಿಂಗ್ ಮತ್ತು ಸ್ಟೀಲ್ ಗುಂಡು. ಅದಕ್ಕೂ ಗ್ರೀಸ್ ಇದೆ. ಬಿಚ್ಚಿಟ್ಟ ಹಾಗೆ ಕಾಣುವ ಸ್ವಿಚ್ ಆದರೆ ಹೀಗೆ ಮಾಡಿ. ಹಳೆಯ ವಿಸಿಟಿಂಗ್ ಕಾರ್ಡನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ. ತುದಿಯನ್ನು ಆಲ್ಕೊಹಾಲ್‌ನಲ್ಲಿ ಅದ್ದಿ. ವೈಪರ್ ಮತ್ತು ಕಾಂಟ್ಯಾಕ್ಟ್ ನಡುವೆ ನಿಧಾನ ತೂರಿಸಿ ಎಳೆಯಿರಿ. ಕಾರ್ಡ್ ಮೇಲೆ ಕಪ್ಪು ಗೀರು ಬರುತ್ತದೆ. ಗೀರು ಬರುವುದು ನಿಲ್ಲುವವರೆಗೆ ಹೊಸ ಪಟ್ಟಿ ಕತ್ತರಿಸುತ್ತಾ ಇರಿ. ಆ ಕರಾವಳಿಯ ಪ್ರಿ-ಆಂಪ್‌ಗೆ ನನಗೆ ಹನ್ನೊಂದು ಪಟ್ಟಿ ಬೇಕಾಯಿತು. ಹತ್ತಿ ಕಡ್ಡಿ ಬೇಡ, ನೂಲು ಸಿಕ್ಕಿಕೊಳ್ಳುತ್ತದೆ. ಮರಳು ಕಾಗದವಂತೂ ಬೇಡವೇ ಬೇಡ, ಲೇಪ ಇರುವುದು ಮೈಕ್ರಾನ್ ಲೆಕ್ಕದಲ್ಲಿ. ಇನ್ನು ದೇವರ ಸಾಮಾನಿಗೆ ವಿಭೂತಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕುವ ಅಭ್ಯಾಸ ಇದೆಯಲ್ಲ, ಅದು ದೀಪಕ್ಕೆ ಸರಿ, ಸ್ವಿಚ್‌ಗಲ್ಲ.

ಸ್ವಚ್ಛ ಮಾಡಿದ ಮೇಲೂ ಒಂದೇ ಹೆಜ್ಜೆ ಕೈಕೊಟ್ಟರೆ ಕಾಂಟ್ಯಾಕ್ಟ್ ಬಿಟ್ಟು ರೆಸಿಸ್ಟರ್‌ನ ಬೆಸುಗೆ ನೋಡಿ. ಹಲ್ಲುಕಡ್ಡಿಯಿಂದ ಒಂದೊಂದೇ ರೆಸಿಸ್ಟರನ್ನು ಮೆಲ್ಲಗೆ ತಳ್ಳಿ. ಸಡಿಲ ಇರುವುದು ಅಲ್ಲಾಡುತ್ತದೆ.

ಎನ್‌ಕೋಡರ್‌ಗೆ ಸ್ಪ್ರೇ ಹೊಡೆದರೆ ಕೆಲವು ತಿಂಗಳು ಓಡುತ್ತದೆ, ಮತ್ತೆ ಅದೇ ಹಾಡು. ಬದಲಿಸುವುದೇ ವಾಸಿ. ಇಸಿ11 ಮಾದರಿಯದ್ದು ನೂರು ರೂಪಾಯಿಯೊಳಗೆ ಸಿಗುತ್ತದೆ. ಒಂದು ಸುತ್ತಿಗೆ ಎಷ್ಟು ಟಿಕ್, ಎಷ್ಟು ಪಲ್ಸ್ ಎನ್ನುವುದು ಹಳೆಯದಕ್ಕೆ ಹೊಂದಬೇಕು. ಇಲ್ಲದಿದ್ದರೆ ಎರಡು ಟಿಕ್‌ಗೆ ಒಮ್ಮೆ ಮಾತ್ರ ವಾಲ್ಯೂಮ್ ಏರುತ್ತದೆ. ರಿಲೇ ಇರುವ ಯಂತ್ರದಲ್ಲೂ ಮೊದಲು ಹೋಗುವುದು ಈ ಎನ್‌ಕೋಡರೇ. ರಿಲೇಗಳ ಯಾಂತ್ರಿಕ ಆಯಸ್ಸು ಕೋಟಿ ಸಲದ ಲೆಕ್ಕದಲ್ಲಿರುತ್ತದೆ.

ಹಂತ 6: ಬದಲಿಸಲೇಬೇಕಾದರೆ

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ‘ವಾಲ್ಯೂಮ್ ಕಂಟ್ರೋಲ್ ಕೊಡಿ’ ಅಂದರೆ ‘ಸಿಂಗಲ್ಲಾ ಡಬಲ್ಲಾ ಸರ್? ಎಷ್ಟು ಕೆ?’ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಜೇಬಲ್ಲಿರಬೇಕು. ಹಳೆಯದರ ಮೇಲೆ ಬರೆದಿರುವ ಓಮ್ ಅಳತೆ (10ಕೆ, 50ಕೆ, 100ಕೆ; ಕೆ ಅಂದರೆ ಕಿಲೋಓಮ್), ಡಬಲ್, ಲಾಗ್, ಕಡ್ಡಿಯ ದಪ್ಪ (ಹೆಚ್ಚಾಗಿ 6 ಮಿಲಿಮೀಟರ್), ಅದು ಉರುಟೋ, ಒಂದು ಕಡೆ ಚಪ್ಪಟೆಯೋ, ಹಲ್ಲುಹಲ್ಲೋ, ಇದೆಲ್ಲ ಬರೆದುಕೊಳ್ಳಿ. ಇನ್ನೂ ಒಳ್ಳೆಯದು, ಹಳೆಯದನ್ನೇ ತೆಗೆದುಕೊಂಡು ಹೋಗಿ.

ಲಾಗ್ ಹೌದೋ ಅಲ್ಲವೋ ಎಂದು ಅಂಗಡಿಯಲ್ಲೇ ನೋಡಿ. ಲೀನಿಯರ್‌ನಲ್ಲಿ ತಿರುಗಿಸಿದಷ್ಟೇ ಸಮನಾಗಿ ತಡೆ ಏರುತ್ತದೆ, ಲಾಗ್‌ನಲ್ಲಿ ಮೊದಲು ನಿಧಾನ, ಆಮೇಲೆ ವೇಗ. ಏಷ್ಯಾದ ತಯಾರಕರು ಲಾಗ್‌ಗೆ ಎ, ಲೀನಿಯರ್‌ಗೆ ಬಿ ಎಂದು ಬರೆಯುತ್ತಾರೆ. ಹಳೆಯ ಯುರೋಪಿನ ಭಾಗಗಳಲ್ಲಿ ಗುರುತು ಬೇರೆ. ಹಾಗಾಗಿ ಅಕ್ಷರ ನಂಬಬೇಡಿ, ಮೀಟರ್ ನಂಬಿ. ನಾಬನ್ನು ಸರಿಯಾಗಿ ನಡುವೆ ನಿಲ್ಲಿಸಿ ವೈಪರ್‌ನಿಂದ ಗ್ರೌಂಡ್ ಕಾಲಿಗೆ ಅಳೆಯಿರಿ. 50ಕೆ ಲಾಗ್ ಆದರೆ 5ರಿಂದ 10 ಕಿಲೋಓಮ್ ಬರಬೇಕು. 25 ಬಂದರೆ ಅದು ಲೀನಿಯರ್, ವಾಪಸ್ ಕೊಡಿ. ಎರಡೂ ಪಟ್ಟಿಗಳನ್ನು ನಾಲ್ಕೈದು ಜಾಗದಲ್ಲಿ ಅಳೆದು ಹೋಲಿಸಿ. ನೀಲಿ ಪಾಟ್‌ಗಳ ನಕಲು ಮಾಲು ಆನ್‌ಲೈನಿನಲ್ಲಿ ಧಾರಾಳ. ಡಬ್ಬಿಯ ಬಣ್ಣ ನಕಲು ಮಾಡಬಹುದು, ಪಟ್ಟಿಯ ಹೊಂದಾಣಿಕೆ ನಕಲು ಮಾಡುವುದು ಸುಲಭವಲ್ಲ.

50ಕೆ ಜಾಗಕ್ಕೆ 10ಕೆ ಹಾಕಬಹುದಾ ಎಂದು ಕೇಳುವವರಿದ್ದಾರೆ. ಪಾಟ್‌ನ ಔಟ್‌ಪುಟ್ ಇಂಪೀಡೆನ್ಸ್ (ಮುಂದಿನ ಯಂತ್ರಕ್ಕೆ ಕಾಣುವ ತಡೆ) 6 ಡಿಬಿ ಕೆಳಗಿರುವಾಗ ಅತಿ ಜಾಸ್ತಿ, ಪಾಟ್‌ನ ಓಮ್ ಅಳತೆಯ ಕಾಲು ಭಾಗ. 50ಕೆ ಅಂದರೆ 12.5 ಕಿಲೋಓಮ್. ಅದರ ಮುಂದೆ 300 ಪಿಕೋಫ್ಯಾರಡ್‌ನ ಕೇಬಲ್ ಹಾಕಿದರೆ ಸುಮಾರು 42 ಕಿಲೋಹರ್ಟ್ಸ್‌ನಲ್ಲೇ 3 ಡಿಬಿ ಇಳಿಯುತ್ತದೆ. ಹಾಗಾಗಿ ಉದ್ದ ಕೇಬಲ್ ಇರುವ ಪ್ಯಾಸಿವ್ (ಸಿಗ್ನಲ್ ಹೆಚ್ಚಿಸದೆ ಇಳಿಸುವುದಷ್ಟೇ ಮಾಡುವ) ಪ್ರಿ-ಆಂಪ್‌ಗೆ 10ಕೆ ವಾಸಿ. ಆದರೆ ಅದಕ್ಕೆ ಸಿಗ್ನಲ್ ಕೊಡುವ ಯಂತ್ರ 10ಕೆ ಹೊರೆ ಹೊರಬೇಕು. ಡ್ಯಾಕ್‌ಗಳು ಸಲೀಸಾಗಿ ಹೊರುತ್ತವೆ, ಹಳೆಯ ವಾಲ್ವ್ ಸರ್ಕ್ಯೂಟ್‌ಗಳು ಹೊರದೇ ಇರಬಹುದು.

ಸ್ಟೆಪ್ಡ್ ಸ್ವಿಚ್ ಕೊಳ್ಳುವುದಾದರೆ ಶಾರ್ಟಿಂಗ್ ಮಾದರಿಯದ್ದೇ ಕೇಳಿ. ಅದರಲ್ಲಿ ವೈಪರ್ ಮುಂದಿನ ಹೆಜ್ಜೆಯನ್ನು ಹಿಡಿದ ಮೇಲೆ ಹಿಂದಿನದ್ದನ್ನು ಬಿಡುತ್ತದೆ. ನಾನ್‌ಶಾರ್ಟಿಂಗ್‌ನಲ್ಲಿ ಮೊದಲು ಬಿಟ್ಟು ಆಮೇಲೆ ಹಿಡಿಯುತ್ತದೆ. ಆ ಕ್ಷಣದಲ್ಲಿ ಪ್ರತಿ ಹೆಜ್ಜೆಗೂ ಟಪ್ ಅನ್ನುವ ಸದ್ದು ಬರುತ್ತದೆ. ಸಿಡಿ, ಫೋನೋ (ರೆಕಾರ್ಡ್ ಪ್ಲೇಯರ್) ಆರಿಸುವ ಸೆಲೆಕ್ಟರ್ ಸ್ವಿಚ್‌ಗೆ ಮಾತ್ರ ನಾನ್‌ಶಾರ್ಟಿಂಗ್ ಬೇಕು. 24 ಹೆಜ್ಜೆಗಳನ್ನು 2 ಡಿಬಿಯಂತೆ ಹಂಚಿದರೆ ಒಟ್ಟು 46 ಡಿಬಿ ಮಾತ್ರ ಸಿಗುತ್ತದೆ. ರಾತ್ರಿ ಸಣ್ಣಗೆ ಕೇಳುವ ಅಭ್ಯಾಸ ಇದ್ದರೆ ಅದು ಸಾಲದು. ಕೆಳಗಿನ ಹೆಜ್ಜೆಗಳು 3 ಅಥವಾ 4 ಡಿಬಿ ಇರುವಂಥದ್ದನ್ನು ಆರಿಸಿ.

ಹಳೆಯ ಪಾಟ್ ಬಿಚ್ಚುವಾಗ ಆರೂ ಕಾಲುಗಳ ಬೆಸುಗೆಯನ್ನು ಒಟ್ಟಿಗೆ ಕರಗಿಸುವ ಹಠ ಬೇಡ. ಬೋರ್ಡ್‌ನ ತಾಮ್ರ ಎದ್ದುಬರುತ್ತದೆ. ಅದು ಹೇಗೂ ಎಸೆಯುವ ಪಾಟ್ ತಾನೇ? ಕಾಲುಗಳನ್ನು ಕಟ್ಟರ್‌ನಿಂದ ಕತ್ತರಿಸಿ, ಒಂದೊಂದನ್ನೇ ಬಿಸಿ ಮಾಡಿ ಎಳೆಯಿರಿ. ಬಿಚ್ಚುವ ಮೊದಲು ಎರಡು ಕೋನದಿಂದ ಫೋಟೋ ತೆಗೆದಿರಲಿ.

ಹಂತ 7: ಮೊದಲ ಸಲ ಆನ್ ಮಾಡುವಾಗ

ಒಳ್ಳೆಯ ಸ್ಪೀಕರ್ ಜೋಡಿಸಬೇಡಿ. ಮೊದಲು ಪ್ಲಗ್ ಹಾಕದೆಯೇ ಗ್ರೌಂಡ್ ಕಾಲಿನಿಂದ ಆಂಪ್‌ನ ಗ್ರೌಂಡಿಗೆ ಮೀಟರ್ ಇಟ್ಟು ನೋಡಿ, ಸೊನ್ನೆಯ ಹತ್ತಿರ ಇರಬೇಕು. ಈ ಒಂದು ಬೆಸುಗೆ ತಪ್ಪಿದರೆ ನಾಬ್ ಸೊನ್ನೆಯಲ್ಲಿದ್ದರೂ ವಾಲ್ಯೂಮ್ ಪೂರ್ತಿ ಇರುತ್ತದೆ. ಆಮೇಲೆ ಆನ್ ಮಾಡಿ, ಔಟ್‌ಪುಟ್‌ನಲ್ಲಿ ಮೀಟರ್ ಇಟ್ಟು, 220 ಹರ್ಟ್ಸ್ ಸದ್ದು ಕೊಟ್ಟು ನಾಬನ್ನು ಸೊನ್ನೆಯಿಂದ ಮೇಲಕ್ಕೆ ಒಯ್ಯಿರಿ. ವೋಲ್ಟೇಜ್ ಹಂತ ಹಂತವಾಗಿ ಏರಬೇಕು, ಎಲ್ಲೂ ಹಾರಬಾರದು. ಆಮೇಲಷ್ಟೇ ಸ್ಪೀಕರ್, ಅದೂ ಮೊದಲು ಯಾವುದಾದರೂ ಹಳೆಯದು. ನಾಬ್ ಮುಟ್ಟಿದಾಗ ಗುಂಯ್ ಅಂದರೆ ಪಾಟ್‌ನ ಲೋಹದ ಮೈ ಗ್ರೌಂಡಿಗೆ ಸೇರಿಲ್ಲ. ಒಂದು ವೈರ್ ಹಾಕಿದರೆ ನಿಲ್ಲುತ್ತದೆ.

ಇನ್ನು ಮುಂದೆ ತಿಂಗಳಿಗೊಮ್ಮೆ ಆಂಪ್ ಆಫ್ ಮಾಡಿ ನಾಬನ್ನು ತುದಿಯಿಂದ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಸೆಲೆಕ್ಟರ್ ಸ್ವಿಚ್‌ಗೂ ಅದೇ ವ್ಯಾಯಾಮ. ತೆಗೆದ ಹಳೆಯ ಪಾಟ್‌ನ ಓಮ್ ಅಳತೆ, ಕೊಂಡ ಅಂಗಡಿ, ಬದಲಿಸಿದ ತಾರೀಕು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಟೇಪ್ ಹಾಕಿ ಅಂಟಿಸಿ. ಮುಂದಿನ ಸಲ ಬಿಚ್ಚುವವರು ನೀವೇ ಆದರೂ ಅದು ಬೇಕಾಗುತ್ತದೆ.